ಹದಿನೇಳು ನಿಮಿಷ ಮುಂದಿದ್ದ ಹೊಸದುರ್ಗ

ಇದರಲ್ಲಿ ನಿಜವಾಗಿ ನಡೆದದ್ದೆಷ್ಟು, ಹೇಳುತ್ತಾ ಹೇಳುತ್ತಾ ನಾನೇ ಸೇರಿಸಿಕೊಂಡದ್ದೆಷ್ಟು ಎಂಬುದು ನನಗೀಗ ಖಾತ್ರಿಯಿಲ್ಲ. ಚಿತ್ರದುರ್ಗದ ಕಾಲೇಜೊಂದರಲ್ಲಿ ಪಾಠ ಮಾಡಲು ಶುರುಮಾಡಿದಾಗಿನಿಂದ ಪ್ರತಿ ವರ್ಷ ಈ ಕಥೆಯನ್ನು ಹೇಳುತ್ತಾ ಬಂದಿದ್ದೇನೆ. ಸರ್ವರಿನಲ್ಲಿ ಟೈಮರ್ ಇಡುವುದು ಹೇಗೆ, ಥ್ರೆಡ್ ಎಷ್ಟಿರಬೇಕು ಎಂಬ ಒಣ ಪಾಠಕ್ಕೆ ಅದು ಒಗ್ಗರಣೆ. ಕಥೆಯ ಕೊನೆಗೆ ನಾನು ಗೋಡೆಯ ಕಡೆ ತಲೆಯೆತ್ತಿ ನೋಡುತ್ತೇನೆ, ಗಡಿಯಾರ ಕಾಣುತ್ತದೆ, ಎಲ್ಲವೂ ಬಗೆಹರಿಯುತ್ತದೆ. ಮಕ್ಕಳು ನಗುತ್ತಾರೆ. ಹೋದ ವರ್ಷ ಮಾತ್ರ ಒಬ್ಬಳು ಎದ್ದು ನಿಂತು, "ಸರ್, ನಮ್ಮಕ್ಕನ ಬ್ಯಾಚಿಗೆ ಹದಿನೈದು ನಿಮಿಷ ಅಂದಿದ್ರಂತೆ. ನಮಗೆ ಹದಿನೇಳು ಅಂತಿದೀರಿ" ಎಂದಳು.

ತರಗತಿ ನಕ್ಕಿತು, ನಾನೂ ನಕ್ಕೆ. ಆದರೆ ಆ ವಾರವೆಲ್ಲ ಆ ಎರಡು ನಿಮಿಷ ನನ್ನನ್ನು ಬಿಡಲಿಲ್ಲ. ವಿಶ್ವವಿದ್ಯಾಲಯದಲ್ಲಿ ಸಂಖ್ಯಾಶಾಸ್ತ್ರ ಓದಿದವನು ನಾನು; ಅಳೆಯದೆ ಏನನ್ನೂ ನಂಬಬಾರದು ಎಂದು ಕಂಡವರಿಗೆಲ್ಲ ಹೇಳುವವನು. ಒಂದು ಶನಿವಾರ ಬಸ್ಸು ಹತ್ತಿ ಹೊಸದುರ್ಗಕ್ಕೆ ಹೋದೆ. ಹಾಲಿನ ಕೇಂದ್ರದ ಗೇಟು ದಾಟುತ್ತಿದ್ದಂತೆ ಬಿಸಿನೀರು, ಸೋಡಾಪುಡಿ ಹಾಕಿ ತೊಳೆದ ಕ್ಯಾನುಗಳ ವಾಸನೆ ಮೂಗಿಗೆ ಬಡಿಯಿತು. ಅದರಡಿಯಲ್ಲಿ ಸಣ್ಣಗೆ, ಎಷ್ಟು ತೊಳೆದರೂ ಹೋಗದ ಹುಳಿ ಹಾಲಿನ ವಾಸನೆ. ಆ ವರ್ಷದ ಆಷಾಢ ಇಡಿಯಾಗಿ ಎದ್ದು ಬಂದಿತು.

ಎರಡು ಸಾವಿರ ಇಸವಿ ಕಳೆದು ನಾಲ್ಕೈದು ವರ್ಷವಾಗಿರಬೇಕು. ನನಗೆ ಮೂವತ್ತರ ಹತ್ತಿರ ವಯಸ್ಸು; ಎಲ್ಲೂ ಎರಡು ವರ್ಷ ನಿಲ್ಲದೆ ಮೂರು ಕೆಲಸ ಬಿಟ್ಟಿದ್ದೆ. ನಾಲ್ಕನೆಯದಾಗಿ ಸಿಕ್ಕಿದ್ದು ಚಿತ್ರದುರ್ಗದ ಹೊರವಲಯದ ಒಂದು ಖಾಸಗಿ ಡೈರಿ. ಅದರ ಹೆಸರು ಈಗ ಬೇಡ, ಡೈರಿಯೂ ಕೈ ಬದಲಾಯಿಸಿದೆ. ಹಿರಿಯೂರು, ಹೊಳಲ್ಕೆರೆ, ಹೊಸದುರ್ಗಗಳಲ್ಲಿ ಅದಕ್ಕೆ ಒಂದೊಂದು ಶೀತಲ ಕೇಂದ್ರವಿತ್ತು. ಬೆಳಗ್ಗೆ ಹಳ್ಳಿಗಳಿಂದ ಟೆಂಪೋ, ಆಟೋ, ಸೈಕಲ್‌ಗಳಲ್ಲಿ ಕ್ಯಾನುಗಳು ಬರುತ್ತವೆ, ಅಳೆದು, ಜಿಡ್ಡು ನೋಡಿ, ತಣ್ಣಗೆ ಮಾಡಿ ಇಡುತ್ತಾರೆ. ಚಿತ್ರದುರ್ಗದಿಂದ ಟ್ಯಾಂಕರ್ ಹೋಗಿ ತರಬೇಕು. ಯಾವ ಟ್ಯಾಂಕರ್ ಮೊದಲು ಯಾವ ಊರಿಗೆ ಎಂಬುದೇ ದಿನದ ದೊಡ್ಡ ಪ್ರಶ್ನೆ. ಕರೆಂಟು ಹೋಗಿ ಜನರೇಟರೂ ಕೈಕೊಟ್ಟರೆ ಹಾಲು ಮಧ್ಯಾಹ್ನದವರೆಗೆ ಕಾಯುವುದಿಲ್ಲ.

ಅಲ್ಲಿಯವರೆಗೆ ಅದನ್ನೆಲ್ಲ ಮ್ಯಾನೇಜರ್ ತಿಪ್ಪೇಸ್ವಾಮಿಯವರು ಫೋನು ಹಿಡಿದು, ಕೂಗಾಡಿ ನಿಭಾಯಿಸುತ್ತಿದ್ದರು. ನನ್ನನ್ನು ಕರೆಸಿದ್ದು ಆ ಕೂಗಾಟ ನಿಲ್ಲಿಸಲು. ಚಿತ್ರದುರ್ಗದ ಆಫೀಸಿನಲ್ಲಿ ಒಂದು ಸರ್ವರ್, ಪ್ರತಿ ಕೇಂದ್ರದಲ್ಲಿ ಒಂದು ಕಂಪ್ಯೂಟರ್, ನಡುವೆ ಟೆಲಿಫೋನ್ ತಂತಿ. ಕ್ಯಾನು ಇಳಿದ ಕೂಡಲೇ ಕೇಂದ್ರದ ಆಪರೇಟರ್ ಊರು, ಲೀಟರು, ಜಿಡ್ಡು ಹೊಡೆದು ಕಳಿಸಬೇಕು. ಸರ್ವರ್ ಅದನ್ನು ಒಪ್ಪಿಕೊಂಡ ಮೇಲೆ ಕೇಂದ್ರದ ಪ್ರಿಂಟರಿನಲ್ಲಿ ಚೀಟಿ ಬರುತ್ತದೆ, ಕ್ಯಾನು ತಂದವನು ಚೀಟಿ ಹಿಡಿದು ಹೋಗುತ್ತಾನೆ. ಬೆಳಗ್ಗೆ ಸರಿಯಾಗಿ ಒಂಬತ್ತಕ್ಕೆ ನಾನು ಇಟ್ಟ ಟೈಮರ್ ಎದ್ದು ಮೂರೂ ಊರಿನ ಹಾಲು ಕೂಡಿಸಿ, ಟ್ಯಾಂಕರುಗಳ ಸರದಿ ಪಟ್ಟಿ ಅಚ್ಚು ಹಾಕುತ್ತದೆ.

ಥ್ರೆಡ್ ಎಂದರೇನು ಎಂದು ತಿಪ್ಪೇಸ್ವಾಮಿಯವರು ಕೇಳಿದಾಗ ನಾನು ಬಸ್ ಸ್ಟ್ಯಾಂಡಿನ ಎದುರಿನ ಹೋಟೆಲು ತೋರಿಸಿದ್ದು ನೆನಪಿದೆ. ಹತ್ತು ಜನ ಸಪ್ಲೈಯರ್ ಇದ್ದಾರೆ ಅಂದುಕೊಳ್ಳಿ. ಗಿರಾಕಿ ಎಷ್ಟೇ ಬರಲಿ, ಒಂದು ಸಲಕ್ಕೆ ಹತ್ತು ಟೇಬಲ್ಲಿಗೆ ಮಾತ್ರ ಗಮನ. ಉಳಿದವರು ಕಾಯಬೇಕು. ಸರ್ವರಿನೊಳಗೆ ಹಾಗೆ ಹತ್ತು ಜನರನ್ನು ಇಟ್ಟಿದ್ದೇನೆ, ಅವರೇ ಥ್ರೆಡ್.

"ಹತ್ತು ಸಾಕೇನಪ್ಪ? ಅಮಾಸೆ ಹುಣ್ಣಿಮೆಗೆ ಹಾಲು ಜಾಸ್ತಿ ಬರ್ತೈತೆ."

"ಸಾಕು ಸರ್."

ಹಿರಿಯೂರು ಸೇರಿಸಿದೆವು, ನಡೆಯಿತು. ಹೊಳಲ್ಕೆರೆ ಸೇರಿಸಿದೆವು, ನಡೆಯಿತು. ತಿಂಗಳೊಪ್ಪತ್ತು ಒಂಬತ್ತು ಗಂಟೆ ಹೊಡೆಯುವುದೂ ಪಟ್ಟಿ ಬರುವುದೂ ಒಟ್ಟಿಗೇ ಆಗುತ್ತಿತ್ತು. ಆಷಾಢದ ಮೊದಲ ವಾರದಲ್ಲಿ ಹೊಸದುರ್ಗ ಸೇರಿತು. ಅಲ್ಲಿಂದ ಎಲ್ಲ ಕೆಟ್ಟಿತು.

ಹೊಸದುರ್ಗದ ಆಪರೇಟರ್ ಕರಿಯಮ್ಮ. ಹಾಲುರಾಮೇಶ್ವರದ ಕಡೆಯ ಕುರಿ ಸಾಕುವ ಮನೆತನ, ಪಿಯುಸಿ ಮುಗಿಸಿ ಪೇಟೆಯಲ್ಲಿ ಕಂಪ್ಯೂಟರ್ ಕೋರ್ಸ್ ಮಾಡಿದ್ದರು. ಮೂರು ತಿಂಗಳ ತಾತ್ಕಾಲಿಕ ನೇಮಕ, ಸರಿಬಂದರೆ ಖಾಯಂ. ಇಪ್ಪತ್ತೆರಡೋ ಇಪ್ಪತ್ತಮೂರೋ ವಯಸ್ಸು. ಆ ಕೇಂದ್ರದಲ್ಲಿ ಕುರ್ಚಿಯ ಮೇಲೆ ಕುಳಿತು ಕೆಲಸ ಮಾಡಿದ ಮೊದಲ ಹೆಣ್ಣುಮಗಳು ಅವರೇ. ಅದು ಕೆಲವರ ಕಣ್ಣಿಗೆ ಚುಚ್ಚುತ್ತಿತ್ತೆಂದು ಆಗಲೇ ಗೊತ್ತಿತ್ತು.

ಮೂರೇ ದಿನಕ್ಕೆ ಒಂಬತ್ತರ ಪಟ್ಟಿ ಒಂಬತ್ತೂಕಾಲಿಗೆ ಬಂತು. ಆಮೇಲೆ ಒಂಬತ್ತೂವರೆಗೆ. ಬಂದರೂ ಹೊಸದುರ್ಗದ ಹಾಲು ಅರ್ಧವೇ ಕಾಣುತ್ತಿತ್ತು. ಹಾಗಾಗಿ ಆ ಊರು ಸರದಿಯ ಕೊನೆಗೆ ಬೀಳುತ್ತಿತ್ತು. ಕೆಲವು ದಿನ ಹಿರಿಯೂರು, ಹೊಳಲ್ಕೆರೆಗಳ ಲೆಕ್ಕವೂ ನಾಪತ್ತೆ. ಕರಿಯಮ್ಮ ಫೋನು ಮಾಡಿದರು.

"ಸರ್, ಚೀಟಿ ತಡ ಆಗ್ತೈತೆ. ಕ್ಯಾನ್ ತಂದೋರೆಲ್ಲ ಬಾಗ್ಲಲ್ಲಿ ಗುಂಪು ಕಟ್ಕಂಡು ಕುಂತವ್ರೆ. ಬೈತಾರೆ ಸರ್."

"ಎಷ್ಟು ತಡ?"

"ಕಾಲ್ಗಂಟೆ ಮೇಲೆ."

ನಾನು ಸರ್ವರಿನ ದಾಖಲೆ ತೆಗೆದು ನೋಡಿದೆ. ಹೊಸದುರ್ಗದಿಂದ ಕಳಿಸಿದ್ದು ಏಳು ಇಪ್ಪತ್ತು, ಒಪ್ಪಿಕೊಂಡದ್ದು ಏಳು ಇಪ್ಪತ್ತು. ಕಳಿಸಿದ್ದು ಏಳು ಮೂವತ್ತೊಂದು, ಒಪ್ಪಿಕೊಂಡದ್ದು ಏಳು ಮೂವತ್ತೊಂದು. ಸಾಲಿಗೆ ಸಾಲು ಹಾಗೆಯೇ. ಒಂದು ನಿಮಿಷದ ತಡವೂ ಇಲ್ಲ. ಹೊಳಲ್ಕೆರೆಯದು, ಹಿರಿಯೂರಿನದು ಹಾಗಿರಲಿಲ್ಲ. ಅಲ್ಲಿ ತಡ ಕಣ್ಣಿಗೆ ಹೊಡೆದು ಕಾಣುತ್ತಿತ್ತು. ಹೊಸದುರ್ಗದ ದಾಖಲೆ ಮಾತ್ರ ಕನ್ನಡಿಯಂತೆ ಶುಭ್ರ.

ಎಲ್ಲವನ್ನೂ ಅನುಮಾನಿಸುತ್ತಿದ್ದ ನನಗೆ ಆ ಶುಭ್ರತೆಯ ಮೇಲೆ ಅನುಮಾನ ಬರಲಿಲ್ಲ. ಹುಡುಗಿ ಕ್ಯಾನು ಇಳಿದಾಗ ಹೊಡೆಯದೆ ಕೂಡಿಟ್ಟುಕೊಂಡು ಆಮೇಲೆ ಒಟ್ಟಿಗೆ ಹೊಡೆಯುತ್ತಿದ್ದಾಳೆ, ಅದರಿಂದಲೇ ಸರ್ವರಿಗೆ ಉಸಿರುಗಟ್ಟುತ್ತಿದೆ ಎಂದು ತೀರ್ಮಾನಿಸಿದೆ. ಒಂದು ವರದಿಯನ್ನೂ ಬರೆದೆ. ಅದರ ಒಂದು ಸಾಲು ನನಗೆ ಇವತ್ತಿಗೂ ಬಾಯಿಪಾಠ: "ಹೊಸದುರ್ಗದ ಆಪರೇಟರ್ ನಮೂದಿಸುವುದನ್ನು ತಡ ಮಾಡುತ್ತಿರುವುದು ಕಂಡುಬಂದಿದೆ." ಕಂಡುಬಂದಿದೆ! ನಾನು ಏನನ್ನೂ ಕಂಡಿರಲಿಲ್ಲ.

ಅಷ್ಟರಲ್ಲಿ ಸರ್ವರಿನ ಸೆಟ್ಟಿಂಗನ್ನೂ ಕೆದಕಿದೆ. ಮೊದಲು ಥ್ರೆಡ್ಡುಗಳನ್ನು ಹತ್ತರಿಂದ ಐವತ್ತಕ್ಕೆ ಏರಿಸಿದೆ. ಆ ಬಡಪಾಯಿ ಯಂತ್ರದಲ್ಲಿ ಐವತ್ತು ಜನ ಸಪ್ಲೈಯರ್ ನಿಲ್ಲಲು ಅಡುಗೆಮನೆಯಲ್ಲಿ ಜಾಗವೇ ಇರಲಿಲ್ಲ. ಎಂಟೂವರೆಗೆ ಸರ್ವರ್ ಕಲ್ಲಾಯಿತು. ಇಪ್ಪತ್ತಕ್ಕೆ ಇಳಿಸಿದೆ, ಎರಡು ದಿನ ಉಸಿರಾಡಿ ಮತ್ತೆ ಅದೇ ಪಾಡು. ಗಾಳಿಗೆ ಟೆಲಿಫೋನ್ ತಂತಿ ತೂಗಾಡಿ ಹೀಗಾಗುತ್ತಿದೆ ಎಂದುಕೊಂಡೆ. ಆ ಆಷಾಢದ ಗಾಳಿ ಹಾಗಿತ್ತು. ಮೇಜಿನ ಮೇಲಿಟ್ಟ ಕಾಗದದ ಮೇಲೆ ಕಲ್ಲಿಡಬೇಕು, ಕಲ್ಲಿನ ಮೇಲೆ ಕೈಯಿಡಬೇಕು. ಬೆಟ್ಟದ ಮೇಲಿನ ಗಾಳಿಯಂತ್ರದ ರೆಕ್ಕೆಗಳು ಹಗಲಿಡೀ ತಿರುಗುತ್ತಿದ್ದವು. ಟೆಲಿಫೋನಿನವರು ಬಂದು ತಂತಿ ನೋಡಿ, ಸರಿಯಾಗಿದೆ ಎಂದು ಹೋದರು.

ಕೊನೆಗೆ ಟೈಮರಿಗೆ ಕೈ ಹಾಕಿದೆ. ಒಂಬತ್ತಕ್ಕೆ ಪಟ್ಟಿ ಆಗದಿದ್ದರೆ ಎರಡೆರಡು ನಿಮಿಷಕ್ಕೊಮ್ಮೆ ಮತ್ತೆ ಪ್ರಯತ್ನಿಸು ಎಂದು ಹೇಳಿಟ್ಟೆ. ಬುದ್ಧಿವಂತಿಕೆ ಎಂದೇ ಭಾವಿಸಿದ್ದೆ. ಮರುದಿನ ಒಂಬತ್ತು, ಒಂಬತ್ತು ಎರಡು, ಒಂಬತ್ತು ನಾಲ್ಕರ ಟೈಮರುಗಳೆಲ್ಲ ಬಾಗಿಲಲ್ಲಿ ಕಾದು ನಿಂತವು. ಒಳಗೆ ಜಾಗ ಸಿಕ್ಕ ಕೂಡಲೇ ಒಟ್ಟಿಗೆ ನುಗ್ಗಿದವು. ಒಂದರ ಕೆಲಸ ಇನ್ನೊಂದಕ್ಕೆ ಗೊತ್ತಿಲ್ಲ. ಒಂದರ ಹಿಂದೊಂದು ಪಟ್ಟಿ ಅಚ್ಚಾಗಿ, ಮೊದಲ ಎರಡು ಇಬ್ಬರು ಡ್ರೈವರುಗಳ ಕೈಗೆ ಹೋದವು. ಎರಡರಲ್ಲೂ ಮೊದಲ ಊರು ಹಿರಿಯೂರು.

ಹತ್ತೂವರೆ ಸುಮಾರಿಗೆ ಹಿರಿಯೂರಿನಿಂದ ಫೋನು. ಡ್ರೈವರ್ ಬಾಷಾ. ಹದಿನೈದು ವರ್ಷದಿಂದ ಹಾಲಿನ ಟ್ಯಾಂಕರ್ ಓಡಿಸುತ್ತಿದ್ದ ಮನುಷ್ಯ, ಕಂಪ್ಯೂಟರ್ ಎಂದರೆ ನಗುತ್ತಿದ್ದ.

"ಸಾರ್, ಇಲ್ಲಿ ನನ್ ಮುಂದೇನೇ ಇನ್ನೊಂದು ಟ್ಯಾಂಕರ್ ನಿಂತ್ಕಂಡು ಹಾಲು ಕುಡೀತೈತೆ. ನಾನೇನು ಕೆರೆ ನೀರು ತುಂಬ್ಕಂಡು ಬರ್ಲಾ?"

"ನೀವು ಹೊಸದುರ್ಗಕ್ಕೆ ಹೊರಡ್ರಿ, ಬೇಗ!"

"ಹೊರಡ್ತೀನಿ. ಆದ್ರೆ ಹೊಸದುರ್ಗ ಇಲ್ಲಿ ಗೋಡೆ ಆಚೆ ಐತಾ ಸಾರ್?"

ಅವನು ಹೋಗಿ ಮುಟ್ಟುವಷ್ಟರಲ್ಲಿ ಮಧ್ಯಾಹ್ನವಾಗಿತ್ತು. ಅಲ್ಲಿ ಬೆಳಗಿನಿಂದ ಕರೆಂಟಿರಲಿಲ್ಲ, ಜನರೇಟರ್ ಎರಡು ಗಂಟೆ ಓಡಿ ನಿಂತಿತ್ತು. ಹಾಲು ಒಡೆದಿತ್ತು. ಅಷ್ಟನ್ನೂ ಹಿತ್ತಿಲ ಗುಂಡಿಗೆ ಸುರಿದರು. ಆ ವಾಸನೆ ನನಗೆ ಚೆನ್ನಾಗಿ ನೆನಪಿದೆ ಎಂದು ಬರೆಯಹೊರಟೆ. ಆದರೆ ಆ ದಿನ ನಾನಿದ್ದದ್ದು ಚಿತ್ರದುರ್ಗದಲ್ಲಿ. ಇಲ್ಲದ ಜಾಗದ ವಾಸನೆ ನೆನಪಿರುವ ಮನುಷ್ಯನನ್ನು ಎಷ್ಟು ನಂಬಬೇಕೋ ಅಷ್ಟೇ ನನ್ನನ್ನು ನಂಬಿ.

ತಿಪ್ಪೇಸ್ವಾಮಿಯವರು ಕೂಗಾಡಲಿಲ್ಲ. ಅವರು ಮೆಲ್ಲಗೆ ಮಾತಾಡಿದರೇ ಭಯ.

"ನೋಡಪ್ಪ, ನಿನ್ ವರದಿ ಓದಿದೀನಿ. ಸೋಮವಾರ ಕೊನೆ. ಅವತ್ತೂ ಒಂಬತ್ತಕ್ಕೆ ಪಟ್ಟಿ ಬರ್ಲಿಲ್ಲ ಅಂದ್ರೆ ಹೊಸದುರ್ಗದ ಕಂಪ್ಯೂಟರ್ ಗೋಣಿಚೀಲಕ್ಕೆ ಹಾಕ್ಕಂಡು ಬಂದ್‌ಬಿಡು. ಆ ಹುಡುಗಿನೂ ಮನೇಗೆ ಕಳ್ಸಾಣ. ಫೋನಲ್ಲೇ ನೋಡ್ಕಂತೀನಿ ನಾನು."

"ಸರಿ ಸರ್" ಎಂದೆ. ಅವರು ಓದಿದ್ದು ನಾನು ಬರೆದದ್ದನ್ನೇ.

ಸುದ್ದಿ ಹೊಸದುರ್ಗಕ್ಕೆ ನನಗಿಂತ ಮೊದಲೇ ತಲುಪಿತ್ತು. ಗುರುವಾರ ಸಂಜೆ ಕರಿಯಮ್ಮನ ಫೋನು. ದನಿ ಗಟ್ಟಿಯಾಗಿತ್ತು.

"ಸರ್, ನಾನು ತಡ ಮಾಡ್ತೀನಿ ಅಂತ ಬರ್ದಿದೀರಂತೆ."

"ದಾಖಲೆಯಲ್ಲಿ ಹಾಗೆ ಕಾಣ್ತಿದೆ ಕರಿಯಮ್ಮನವರೇ."

"ಕಾಗದ ನೋಡಿ ಬರೀಬ್ಯಾಡ್ರಿ ಸರ್. ಒಂದ್ಸಲ ಬಂದು ನನ್ ಪಕ್ಕ ಕುಂತ್ಕಂಡು ನೋಡ್ರಿ. ಆಮೇಲೆ ಏನ್ ಬೇಕಾದ್ರೂ ಬರ್ಕಳ್ರಿ, ನಾನೇ ಸೈ ಹಾಕ್ತೀನಿ."

ಅಳೆಯದೆ ನಂಬಬೇಡಿ ಎಂದು ಊರಿಗೆಲ್ಲ ಹೇಳುವವನಿಗೆ ಇದಕ್ಕಿಂತ ದೊಡ್ಡ ಏಟು ಬೇಕಿರಲಿಲ್ಲ. ಶುಕ್ರವಾರ ಹೊಳಲ್ಕೆರೆ ಮೇಲಿನ ಬಸ್ಸು ಹಿಡಿದೆ. ಬಿ.ದುರ್ಗದ ಕಡೆಯ ರೈತರಿಬ್ಬರು ದಾರಿಯುದ್ದಕ್ಕೂ ಗಾಳಿಯನ್ನೇ ಬೈಯುತ್ತಿದ್ದರು. ಗಾಳಿ ನಿಂತರೆ ಮಳೆ, ಮಳೆ ಬಂದರೆ ಬಿತ್ತನೆ. ನನಗೆ ಸೋಮವಾರ ಬಿಟ್ಟು ಬೇರೆ ಏನೂ ತಲೆಯಲ್ಲಿರಲಿಲ್ಲ.

ಕೇಂದ್ರದ ಉಸ್ತುವಾರಿ ಸಿದ್ದಪ್ಪನವರು ಬಾಗಿಲಲ್ಲೇ ಎದುರಾದರು. ಐವತ್ತು ದಾಟಿದ, ತಲೆಗೆ ಟವೆಲು ಸುತ್ತಿದ, ಎಲ್ಲದಕ್ಕೂ ನಿಯಮವಿಟ್ಟುಕೊಂಡಿದ್ದ ಮನುಷ್ಯ.

"ಬರ್ರಿ ಸಾರ್, ಬರ್ರಿ. ಮೊದ್ಲು ಪುಸ್ತಕದಾಗೆ ಹೆಸರು, ಗೋಡೆ ನೋಡಿ ಟೈಮು ಬರೀರಿ. ಯಾರೇ ಬರ್ಲಿ, ನಮ್ದು ಹಂಗೇ."

ಬರೆದೆ. ಬೆಳಗಿನ ಹಾಲು ಮುಗಿದು ಕೇಂದ್ರ ತಣ್ಣಗಿತ್ತು. ಕರಿಯಮ್ಮ ಸ್ಟೂಲು ಎಳೆದುಕೊಟ್ಟರು. "ಕುಂತ್ಕಳ್ರಿ ಸರ್. ಹಾಲುರಾಮೇಶ್ವರದ ಒಂದು ಕ್ಯಾನು ನಿಮ್ ಸಲುವಾಗೇ ಹೊಡೀದೆ ಇಟ್ಟಿದೀನಿ. ಈಗ ಹೊಡೀತೀನಿ, ನೋಡ್ತಿರ್ರಿ."

ನನ್ನ ಕಣ್ಣೆದುರೇ ಬೆರಳುಗಳು ಓಡಿದವು. ಊರು, ಲೀಟರು, ಜಿಡ್ಡು, ಕಳಿಸು. ಪರದೆಯ ಮೇಲೆ ಹನ್ನೆರಡು ಹತ್ತು ಎಂದು ಬಿತ್ತು. ಪ್ರಿಂಟರ್ ಸುಮ್ಮನಿತ್ತು. ಐದು ನಿಮಿಷವಾಯಿತು. ಟೀ ಬಂತು. ಟೀ ಮುಗಿಯಿತು. ಸಿದ್ದಪ್ಪನವರು ಕ್ಯಾನಿನ ಮುಚ್ಚಳಗಳ ವಿಷಯ ತೆಗೆದು, ಮುಗಿಸಿ, ಮತ್ತೆ ತೆಗೆದರು. ಪ್ರಿಂಟರ್ ಸುಮ್ಮನಿತ್ತು. ಕರಿಯಮ್ಮ ಎದ್ದು ಹೋಗಿ ಗೋಡೆಗೆ ಒರಗಿ ನಿಂತಿದ್ದರು. ಅಲ್ಲೇ ಯಾಕೆ ನಿಂತರೆಂದು ನನಗೆ ಹೊಳೆಯಲಿಲ್ಲ.

ಕಡೆಗೆ ಪ್ರಿಂಟರ್ ಕಿರಕಿರ ಎಂದಿತು. ಚೀಟಿ ಹರಿದುಕೊಂಡೆ. ಕಳಿಸಿದ್ದು ಹನ್ನೆರಡು ಹತ್ತು. ಒಪ್ಪಿಕೊಂಡದ್ದು ಹನ್ನೆರಡು ಹತ್ತು.

"ಇದೆಂಥದು?" ಎಂದೆ. "ನಾನಿಲ್ಲೇ ಕೂತು ಕಾದಿದ್ದೀನಲ್ಲ!"

ಆಗ ಅವರು, ಬಸ್ ಸ್ಟ್ಯಾಂಡಿನಲ್ಲಿ ಯಾರಾದರೂ ಕೇಳುವಂತೆ, ತೀರಾ ಸಹಜವಾಗಿ ಕೇಳಿದರು: "ನಿಮ್ ವಾಚಲ್ಲಿ ಈಗ ಎಷ್ಟು ಸರ್?"

ನೋಡಿದೆ. "ಹನ್ನೆರಡು ಹತ್ತು."

ಹೇಳಿದವನು ತಲೆಯೆತ್ತಿದೆ. ಅವರ ತಲೆಯ ಮೇಲೆ ಗೋಡೆಯಲ್ಲಿ ದುಂಡನೆಯ ಗಡಿಯಾರ. ಹನ್ನೆರಡು ಇಪ್ಪತ್ತೇಳು.

ಆ ಕ್ಷಣ ನನ್ನೊಳಗೆ ಏನಾಯಿತೆಂದು ನಾನು ಎಷ್ಟೋ ಸಲ ವರ್ಣಿಸಿದ್ದೇನೆ. ನಿಜ ಹೇಳಬೇಕೆಂದರೆ ಮೈ ಬೆವರಿತು, ಅಷ್ಟೆ. ಸರ್ವರಿಗಾಗಿ ನಾನೇ ಒಂದು ಸಣ್ಣ ನಿಯಮ ಬರೆದಿದ್ದೆ. ಹಿರಿಯೂರಿನ ಕಂಪ್ಯೂಟರು ಕೆಲವು ಸೆಕೆಂಡು ಮುಂದಿದ್ದುದರಿಂದ, ಇನ್ನೂ ಬಾರದ ಸಮಯ ಹೊತ್ತು ಬಂದ ನಮೂದನ್ನು ತಕ್ಷಣ ಒಪ್ಪಿಕೊಳ್ಳಬೇಡ, ಆ ಸಮಯ ಬರುವವರೆಗೆ ಕಾದು ಒಪ್ಪಿಕೋ ಎಂದು. ಕೆಲವು ಸೆಕೆಂಡಿಗೆ ಬರೆದ ನಿಯಮ. ಹೊಸದುರ್ಗದ ಪ್ರತಿ ಕ್ಯಾನೂ ಹದಿನೇಳು ನಿಮಿಷ ಮುಂದಿನ ಸಮಯ ಹೊತ್ತು ಬರುತ್ತಿತ್ತು. ಪ್ರತಿ ಕ್ಯಾನಿಗೂ ಒಬ್ಬ ಸಪ್ಲೈಯರ್ ಹದಿನೇಳು ನಿಮಿಷ ಕೈಕಟ್ಟಿ ನಿಲ್ಲುತ್ತಿದ್ದ. ಹತ್ತು ಕ್ಯಾನು ಬಂದರೆ ಹೋಟೆಲೇ ಬಂದ್. ಹಿರಿಯೂರು, ಹೊಳಲ್ಕೆರೆ ಬಾಗಿಲಲ್ಲಿ. ಒಂಬತ್ತರ ಟೈಮರೂ ಅದೇ ಬಾಗಿಲಲ್ಲಿ. ಕಾದು ಒಪ್ಪಿಕೊಂಡ ಸಮಯ, ಕಳಿಸಿದ ಸಮಯಕ್ಕೆ ತಾನಾಗಿಯೇ ಸರಿಹೊಂದುತ್ತಿತ್ತು. ಅದಕ್ಕೇ ದಾಖಲೆ ಅಷ್ಟು ಶುಭ್ರ.

"ಸಿದ್ದಪ್ಪನವರೇ, ಈ ಗಡಿಯಾರ ಯಾಕೆ ಹದಿನೇಳು ನಿಮಿಷ ಮುಂದಿದೆ?"

ಅವರು ಬಾಗಿಲು ಮುಂದೆ ಮಾಡಿ ಬಂದು, ದನಿ ತಗ್ಗಿಸಿದರು. "ಕ್ಯಾನ್ ತರೋರು ಟೈಮಿಗೆ ಬರಲ್ಲ ಸಾರ್. ಐದ್ ನಿಮಿಷ ಮುಂದಿಟ್ಟೆ, ಸರಿಯಾದ್ರು. ಆಮೇಲೆ ಅವ್ರಿಗೆ ಗೊತ್ತಾತು, ಐದ್ ನಿಮಿಷ ಲೇಟಾಗಿ ಬರಾಕೆ ಹತ್ತಿದ್ರು. ಹತ್ತು ಮಾಡ್ದೆ. ಹಂಗೇ ತಿರುಗುಸ್ತಾ ತಿರುಗುಸ್ತಾ ಇಲ್ಲಿಗೆ ಬಂದು ನಿಂತೈತೆ."

"ಕಂಪ್ಯೂಟರ್?"

"ಚೀಟಿ ಮ್ಯಾಲೆ ಟೈಮು ಬರ್ತೈತಲ್ಲ ಸಾರ್. ಅದ್ರಲ್ಲಿ ಸರಿ ಟೈಮ್ ಬಂದ್ರೆ ನನ್ ಗಡಿಯಾರ ಸುಳ್ಳು ಅಂತ ಎಲ್ರಿಗೂ ಗೊತ್ತಾಗಲ್ವಾ? ಅದ್ಕೇ ಗೋಡೆ ನೋಡ್ಕಂಡು ಹಂಗೇ ಇಡವ್ವ ಅಂತ ಕರಿಯಮ್ಮಂಗೆ ನಾನೇ ಹೇಳ್ದೆ."

ಬಾಷಾ ಆಗಷ್ಟೇ ಟ್ಯಾಂಕರ್ ನಿಲ್ಲಿಸಿ ಒಳಗೆ ಬಂದಿದ್ದ. "ಲೇ ಸಿದ್ದಪ್ಪ, ನಿನ್ ಗಡಿಯಾರ ಸುಳ್ಳು ಅಂತ ಹಾಲುರಾಮೇಶ್ವರದ ದಾರೀಲಿರೋ ಬಂಡೆಗೂ ಗೊತ್ತೈತೆ. ಗೊತ್ತಿಲ್ದೇ ಇದ್ದಿದ್ದು ಚಿತ್ರದುರ್ಗದ ಕಂಪ್ಯೂಟರಿಗೊಂದೇ!"

ಕರಿಯಮ್ಮ ಬಾಯಿಗೆ ಸೆರಗು ಒತ್ತಿಕೊಂಡು ನಕ್ಕರು. ಸಿದ್ದಪ್ಪನವರೂ ನಕ್ಕರು, ಆದರೆ ಕಣ್ಣಿನಲ್ಲಿ ಆತಂಕ. "ಗಡಿಯಾರಕ್ಕೆ ಮಾತ್ರ ಕೈ ಹಾಕ್ಬ್ಯಾಡ್ರಿ ಸಾರ್. ಗೊತ್ತಿದ್ರೂ ಅದನ್ನ ನೋಡಿ ಒಂದೀಟು ಕಾಲು ಬೀಸಾಕ್ತಾರೆ. ಅದ್ನೂ ತೆಗುದ್ರೆ ಹತ್ ಗಂಟೆಗೆ ಬರ್ತಾರೆ."

ಅವರ ಮಾತಿನಲ್ಲಿ ನ್ಯಾಯವಿತ್ತು. ಒಪ್ಪಂದವಾಯಿತು: ಗೋಡೆಯ ಗಡಿಯಾರ ಹಾಗೆಯೇ ಇರಲಿ, ಕಂಪ್ಯೂಟರ್ ಸರಿಯಾದ ಸಮಯಕ್ಕೆ ಬರಲಿ, ಚೀಟಿಯ ಮೇಲೆ ಸಮಯವೇ ಅಚ್ಚಾಗದಿರಲಿ.

ಶನಿವಾರ, ಭಾನುವಾರ ಚಿತ್ರದುರ್ಗದ ಆಫೀಸಿನಲ್ಲಿ ಹಗಲಿಡೀ ಕುಳಿತೆ. ಕಾಯುವ ನಿಯಮವನ್ನು ಬೇರುಸಹಿತ ಕಿತ್ತೆ. ಯಾವ ಊರಿನ ಗಡಿಯಾರ ಏನೇ ಹೇಳಲಿ, ಸರ್ವರ್ ತನ್ನ ಸಮಯವನ್ನೇ ಬರೆದುಕೊಳ್ಳುವಂತೆ ಮಾಡಿದೆ. ಥ್ರೆಡ್ಡುಗಳನ್ನು ಮತ್ತೆ ಹತ್ತಕ್ಕೆ ತಂದೆ. ಅವುಗಳ ಹೊರತಾಗಿ ಎರಡನ್ನು ಟೈಮರಿಗೆಂದೇ ಮೀಸಲಿಟ್ಟೆ. ಹಾಲು ಎಷ್ಟೇ ನುಗ್ಗಿದರೂ ಅವನ್ನು ಯಾರೂ ಮುಟ್ಟುವಂತಿಲ್ಲ. ಒಂದು ಟೈಮರಿನ ಕೆಲಸ ಮುಗಿಯುವವರೆಗೆ ಇನ್ನೊಂದು ಏಳುವಂತಿಲ್ಲ. ಬರೆದರೆ ನಾಲ್ಕೇ ಸಾಲು. ಆ ನಾಲ್ಕು ಸಾಲು ನನಗೆ ಮೊದಲ ದಿನವೇ ಹೊಳೆಯಬೇಕಿತ್ತು ಎಂದು ಭಾನುವಾರ ಸಂಜೆ ಬೆಟ್ಟದ ಕಡೆ ನಡೆಯುತ್ತಾ ಅಂದುಕೊಂಡೆ. ಗಾಳಿ ಕಡಿಮೆಯಾಗಿತ್ತು, ಮೋಡ ಕೂಡಿತ್ತು. ಹಾಗೆಂದು ನೆನಪು.

ಸೋಮವಾರ ಏಳಕ್ಕೇ ತಿಪ್ಪೇಸ್ವಾಮಿಯವರು ಬಂದು ನನ್ನ ಹಿಂದೆ ಕುರ್ಚಿ ಹಾಕಿ ಕುಳಿತರು. ಮೂಲೆಯಲ್ಲಿ ಮಡಿಸಿದ ಗೋಣಿಚೀಲವೊಂದಿತ್ತು. ಅವರೇ ತಂದಿದ್ದರೋ, ಮೊದಲೇ ಇತ್ತೋ, ಕೇಳುವ ಧೈರ್ಯ ನನಗಿರಲಿಲ್ಲ. ಏಳೂಕಾಲಿಗೆ ಹೊಸದುರ್ಗದ ಮೊದಲ ಕ್ಯಾನು ಪರದೆಗೆ ಬಂತು. ಬಂದ ಹಾಗೆಯೇ ಸರ್ವರ್ ಒಪ್ಪಿಕೊಂಡಿತು. ಎರಡನೆಯದು. ಹತ್ತನೆಯದು. ಹಿರಿಯೂರಿನ ಹರಿಯಬ್ಬೆಯ ಕ್ಯಾನು, ಹೊಳಲ್ಕೆರೆಯದು, ಮತ್ತೆ ಹೊಸದುರ್ಗದ್ದು ಐದು, ಒಂದರ ಹಿಂದೊಂದು. ಹತ್ತರಲ್ಲಿ ಮೂರು ಥ್ರೆಡ್ಡಿಗಿಂತ ಹೆಚ್ಚು ಒಮ್ಮೆಯೂ ಕೆಲಸದಲ್ಲಿರಲಿಲ್ಲ. ಉಳಿದವರು ಹೆಗಲ ಮೇಲೆ ಬಟ್ಟೆ ಹಾಕಿಕೊಂಡು ಗಿರಾಕಿಗಾಗಿ ಕಾಯುತ್ತಿದ್ದರು.

ಎಂಟು ಐವತ್ತೈದಕ್ಕೆ ಬಾಷಾ ಎಂಜಿನ್ ಚಾಲೂ ಮಾಡಿ, ಕಿಟಕಿಯಲ್ಲಿ ತಲೆ ಹಾಕಿದ. "ಇವತ್ತು ಯಾವ್ ಊರಲ್ಲಿ ಇಬ್ರು ಭೇಟಿಯಾಗ್ಬೇಕು ಸಾರ್?"

ಒಂಬತ್ತು. ಸೆಕೆಂಡಿನ ಮುಳ್ಳು ಹನ್ನೆರಡು ದಾಟುತ್ತಿದ್ದಂತೆಯೇ ಪ್ರಿಂಟರ್ ಶುರುವಾಯಿತು. ಒಂದೇ ಪಟ್ಟಿ. ಮೂರು ಊರು. ಮೊದಲ ಸಾಲಿನಲ್ಲಿ, ಎಲ್ಲಕ್ಕಿಂತ ಹೆಚ್ಚು ಹಾಲಿನೊಂದಿಗೆ, ಹೊಸದುರ್ಗ.

ತಿಪ್ಪೇಸ್ವಾಮಿಯವರು ಅದನ್ನು ಹರಿದು, ಫೋನಿನಲ್ಲಿ ಮೂರೂ ಕೇಂದ್ರಗಳಿಗೆ ಕೇಳಿ ಲೀಟರು ಲೀಟರು ತಾಳೆ ನೋಡಿದರು. ಒಂದು ಲೀಟರೂ ಹೆಚ್ಚುಕಮ್ಮಿಯಿರಲಿಲ್ಲ. ಪಟ್ಟಿಯನ್ನು ಕಿಟಕಿಯಿಂದ ಬಾಷಾನಿಗೆ ಕೊಟ್ಟರು. ಅವನು ಓದಿ, ಹಾರನ್ ಎರಡು ಸಲ ಉದ್ದಕ್ಕೆ ಒತ್ತಿ ಗೇಟು ದಾಟಿದ. ಆ ಹಾರನ್ ಕೇಳಿದಾಗ ನಾನು ಕುರ್ಚಿಯಿಂದ ಎದ್ದು ನಿಂತಿದ್ದೆ. ಜೀವನದಲ್ಲಿ ಮುಂದೆ ದೊಡ್ಡ ದೊಡ್ಡ ಯಂತ್ರಗಳ ಜೊತೆ ಕೆಲಸ ಮಾಡಿದ್ದೇನೆ. ಹಾಗೆ ಎದೆ ತುಂಬಿ ಎದ್ದು ನಿಂತದ್ದು ಅದೊಂದೇ ಸಲ.

ಹನ್ನೆರಡೂವರೆಯೊಳಗೆ ಹೊಸದುರ್ಗದ ಹಾಲು ಡೈರಿಗೆ ಬಂದು ಪರೀಕ್ಷೆಯಲ್ಲಿ ಪಾಸಾಯಿತು. ನಾನು ನನ್ನ ಹಳೆಯ ವರದಿಯನ್ನು ವಾಪಸು ಕೇಳಿ ಪಡೆದು, ಹೊಸದು ಬರೆದುಕೊಟ್ಟೆ. ತಪ್ಪು ಸರ್ವರಿನ ನಿಯಮದ್ದು, ನಿಯಮ ನನ್ನದು, ಹೊಸದುರ್ಗದ ಆಪರೇಟರ್ ಒಂದು ದಿನವೂ ತಡ ಮಾಡಿಲ್ಲ ಎಂದು. ಸಿದ್ದಪ್ಪನವರ ಗಡಿಯಾರದ ಸುದ್ದಿ ಎತ್ತಲಿಲ್ಲ.

ತಿಪ್ಪೇಸ್ವಾಮಿಯವರು ಓದಿ ಕನ್ನಡಕದ ಮೇಲಿಂದ ನೋಡಿದರು. "ಹಂಗಾದ್ರೆ ಮನೇಗೆ ಕಳಿಸ್ಬೇಕಾದೋನು ನೀನು ಅನ್ನು."

"ಹೌದು ಸರ್."

"ಇರ್ಲಿ ಬಿಡು. ಇಬ್ರೂ ಇರ್ರಿ."

ಶ್ರಾವಣ ಬಂತು, ಮಳೆ ಹಿಡಿಯಿತು. ಆ ಮಳೆಗಾಲವೆಲ್ಲ ಒಂಬತ್ತರ ಪಟ್ಟಿ ಒಂಬತ್ತಕ್ಕೇ ಬಂತು. ಒಂದು ದಿನವೂ ತಪ್ಪಲಿಲ್ಲ. ದೀಪಾವಳಿಗೆ ಮೊದಲು ಕರಿಯಮ್ಮ ಖಾಯಂ ಆದರು. ಮರುವರ್ಷ ನಾನು, ಎಂದಿನಂತೆ, ಕೆಲಸ ಬಿಟ್ಟೆ. ಕಥೆಯನ್ನು ಮಾತ್ರ ಜೊತೆಗೆ ತಂದೆ: ನಾನು ತಲೆಯೆತ್ತಿದೆ, ಗಡಿಯಾರ ಕಂಡೆ, ಕಂಡುಹಿಡಿದೆ.

ಹೋದ ವರ್ಷದ ಆ ಶನಿವಾರ ಕೇಂದ್ರದ ಒಳಗೆ ಹೋದಾಗ ಉಸ್ತುವಾರಿಯ ಕುರ್ಚಿಯಲ್ಲಿ ಕರಿಯಮ್ಮನೇ ಇದ್ದರು. ಕೂದಲು ಅಲ್ಲಲ್ಲಿ ಬೆಳ್ಳಗಾಗಿತ್ತು. ತಲೆಯ ಮೇಲೆ ಗೋಡೆಯಲ್ಲಿ ಹೊಸ ಗಡಿಯಾರ.

"ಬರ್ರಿ ಸರ್! ಮೊದ್ಲು ಪುಸ್ತಕದಾಗೆ ಹೆಸರು ಬರೀರಿ. ಸಿದ್ದಪ್ಪಣ್ಣನ ಕಾಲದಿಂದ ನಮ್ದು ಹಂಗೇ."

ಬಂದ ಕಾರಣ ಹೇಳಿದೆ: ಹದಿನೈದೋ ಹದಿನೇಳೋ ತಿಳಿಯಬೇಕು. ಅವರು ಬಿದ್ದೂ ಬಿದ್ದೂ ನಕ್ಕರು. "ಎರಡು ನಿಮಿಷಕ್ಕೆ ಚಿತ್ರದುರ್ಗದಿಂದ ಬಂದ್ರಾ ಸರ್? ಸಿದ್ದಪ್ಪಣ್ಣ ಯಾವ ಪುಸ್ತಕನೂ ಎಸೆದೋರಲ್ಲ. ಕಪಾಟಲ್ಲಿ ಅವೆ, ಹುಡುಕ್ಕಳ್ರಿ."

ಕ್ಯಾನುಗಳನ್ನು ನೋಡಲು ಅವರು ಹೊರಗೆ ಹೋದರು. ನಾನು ಆ ವರ್ಷದ ಪುಸ್ತಕ ಹುಡುಕಿ ತೆಗೆದೆ, ಆಷಾಢದ ಆ ಶುಕ್ರವಾರದ ಪುಟ ಸಿಕ್ಕಿತು. ಅರ್ಧಕ್ಕೆ ನನ್ನದೇ ಕೈಬರಹದಲ್ಲಿ ನನ್ನ ಹೆಸರು, ಬಂದ ಸಮಯ: ಹನ್ನೊಂದು ನಲವತ್ತು. ಸಿದ್ದಪ್ಪನವರ ಗೋಡೆ ನೋಡಿ ಬರೆದದ್ದು. ಅದಕ್ಕೆ ಮೂರು ಸಾಲು ಮೇಲೆ, ಉರುಟಾದ, ಒತ್ತಿ ಬರೆದ ಅಕ್ಷರಗಳಲ್ಲಿ ಹೀಗಿತ್ತು: "ಬೆಳಗ್ಗೆ ೯-೫೫. ರೇಡಿಯೋ ವಾರ್ತೆಗೆ ಹೋಲಿಸಿ ನೋಡಿದೆ. ಗೋಡೆ ಗಡಿಯಾರ ಮತ್ತು ಕಂಪ್ಯೂಟರ್ ೧೭ ನಿಮಿಷ ಮುಂದೆ. ಚೀಟಿಯೂ ಅಷ್ಟೇ ತಡ. ಸರ್ ಬಂದಾಗ ಅವರ ವಾಚು ಕೇಳುವುದು. ಕೆ. ಕರಿಯಮ್ಮ."

ಅವರು ಗಡಿಯಾರದ ಕೆಳಗೇ ಹೋಗಿ ನಿಂತದ್ದು, ತೀರಾ ಸಹಜವೆಂಬಂತೆ ವಾಚು ಕೇಳಿದ್ದು, ಎದುರಿಗೆ ಕುಳಿತಿದ್ದ ಸಿದ್ದಪ್ಪನವರನ್ನು ತಾವಾಗಿ ಬಿಟ್ಟುಕೊಡದೆ ನನ್ನ ಕಣ್ಣಿಂದಲೇ ನನಗೆ ಕಾಣಿಸಿದ್ದು, ಎಲ್ಲವೂ ಆ ಸಾಲಿನಲ್ಲಿ ಇತ್ತು. ಹಿಂದಿರುಗಿ ಬಂದವರನ್ನು, "ಮೊದಲೇ ಗೊತ್ತಿತ್ತಲ್ಲ, ಯಾಕೆ ಹೇಳಲಿಲ್ಲ?" ಎಂದು ಕೇಳಿದೆ.

"ಫೋನಲ್ಲಿ ಹೇಳ್ದಾಗ ನೀವು ಕಾಗದ ನಂಬಿದ್ರಿ ಸರ್" ಎಂದರು, ಕ್ಯಾನಿನ ಮುಚ್ಚಳ ಒರೆಸುತ್ತಾ. "ನಿಮ್ ವಾಚನ್ನಾದ್ರೂ ನಂಬ್ತೀರಿ ಅಂದ್ಕಂಡೆ."

ಈಗ ನಾನು ತರಗತಿಯಲ್ಲಿ ಕಥೆಯನ್ನು ಬೇರೆ ಥರ ಹೇಳುತ್ತೇನೆ. ಗಾಳಿ, ಮೋಡ, ಗೋಣಿಚೀಲ, ಹಾರನ್ ಇವಕ್ಕೆಲ್ಲ ನನ್ನ ಬಳಿ ಪುರಾವೆಯಿಲ್ಲ. ಒಂದಕ್ಕೆ ಇದೆ. ಆ ಪುಟದ ಎರಡು ಸಮಯಗಳೂ ಒಂದೇ ಸುಳ್ಳು ಗಡಿಯಾರದಿಂದ ಬಂದವು. ಹಾಗಾಗಿ ಅದು ಎಷ್ಟು ಮುಂದಿದ್ದರೂ ನಡುವಿನ ಅಂತರ ಬದಲಾಗುವುದಿಲ್ಲ. ಮೂರು ಸಲ ಕಳೆದು ನೋಡಿದ್ದೇನೆ. ಕರಿಯಮ್ಮ ಆ ಹದಿನೇಳು ನಿಮಿಷವನ್ನು ಕಂಡುಹಿಡಿದದ್ದು ನಾನು ಹೊಸದುರ್ಗದ ಆ ಬಾಗಿಲಿಗೆ ಬರುವುದಕ್ಕೆ ಸರಿಯಾಗಿ ಒಂದೂಮುಕ್ಕಾಲು ಗಂಟೆ ಮೊದಲು.